ಮೆಮ್ ನಮ್ಮ ಮನೆಯಲ್ಲಿದ್ದ ಬೇಸಿಗೆ

ಹೋದ ವಾರ ರಿಚರ್ಡ್ಸ್ ಟೌನಿನ ಗೆಳತಿಯ ಮನೆಗೆ ಅವಳ ಮೊಮ್ಮಗುವನ್ನು ನೋಡಲು ಹೋಗಿದ್ದೆ. ಬಾಣಂತಿಗೆಂದು ಅಡುಗೆಮನೆಯಲ್ಲಿ ಹಾಲಿಗೆ ಸೋಂಪು ಹಾಕಿ ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ತೊಡೆಯ ಮೇಲಿದ್ದ ಕೂಸನ್ನು ಗೆಳತಿಯ ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. "ಏನಾಯ್ತೇ?" ಅಂದಳು. ಏನೂ ಇಲ್ಲ ಅಂದೆ. ಹೇಳಹೊರಟರೆ ಒಂದಿಡೀ ಬೇಸಿಗೆಯನ್ನೇ ಹೇಳಬೇಕಿತ್ತು.

ನಾನಾಗ ಕಂಟೋನ್ಮೆಂಟಿನ ವಿಮಾ ಕಚೇರಿಯೊಂದರಲ್ಲಿದ್ದೆ. ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಮನೆ. ನಾವು ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಮನೆಯೊಳಗೆ ನನ್ನ ಮತ್ತು ನಮ್ಮ ಮನೆಯವರ ಮಾತು ಆ ಕಡೆಯದೇ. ಆ ವರ್ಷ ಏಪ್ರಿಲಿನಲ್ಲಿ ಬೀಳಬೇಕಿದ್ದ ಮಳೆ ಬೀಳಲೇ ಇಲ್ಲ. ಬೋರ್‌ವೆಲ್ ಬತ್ತಿ, ಬೆಳಗಾದರೆ ಕ್ವಾರ್ಟರ್ಸಿನ ಮುಂದೆ ನೀರಿನ ಟ್ಯಾಂಕರಿಗಾಗಿ ಜಗಳ. ಎಲ್ಲರ ಮುಖದಲ್ಲೂ ಒಂದು ಸಿಡುಕು.

ಒಂದು ರಜೆಯ ದಿನ ಬೆಳಿಗ್ಗೆ ಉಪ್ಪಿನಕಾಯಿಗೆ ಸಾಸಿವೆ, ಮೆಂತ್ಯ ತರಲು ಹಲಸೂರಿನ ಹಳೇ ಪೇಟೆಗೆ ಹೋಗಿದ್ದೆ. ಗ್ರಂಥಿಗೆ ಅಂಗಡಿಯ ಮುಂದೆ ನನಗಿಂತ ಮೊದಲೇ ಒಬ್ಬ ನಿಂತಿದ್ದ. ಹೊರದೇಶದವರು ನನಗೆ ಹೊಸಬರಲ್ಲ, ಆದರೆ ಅಷ್ಟು ಉದ್ದದ ಮನುಷ್ಯನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಷಟರಿಗೆ ತಲೆ ತಾಗದಂತೆ ಕುತ್ತಿಗೆ ಬಗ್ಗಿಸಿದ್ದ. ಒಣಹುಲ್ಲಿನ ಬಣ್ಣದ ಕೂದಲು. ಹುಬ್ಬು, ರೆಪ್ಪೆಗಳೂ ಅದೇ ಬಣ್ಣವಾದ್ದರಿಂದ ಮುಖದ ಮೇಲೆ ಅವು ಇಲ್ಲವೇ ಇಲ್ಲ ಎಂಬಂತೆ ಕಾಣುತ್ತಿತ್ತು. ನೀಳ ಮುಖ, ಅಗಲ ಗದ್ದ, ಬಿಸಿಲಿಗೆ ಇಟ್ಟಿಗೆಯಂತಾದ ಕತ್ತು. ಐವತ್ತು ದಾಟಿರಬೇಕು. ಅಂಗಡಿಯವನು ಸೋಂಪಿನ ಪೊಟ್ಟಣ ಕೊಟ್ಟ. ಅದು ಅವನ ಕೈಯಿಂದ ಜಾರಿ ಬಿತ್ತು. ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡ. ಬಾಯಿ ಒಂದು ಕಡೆಗೆ ಜಗ್ಗಿತು. ಹಾಗೆಯೇ ಮೂಟೆಗಳ ಮೇಲೆ ಕುಸಿದ.

ಜನ ಸೇರಿದರು, ಯಾರೂ ಮುಟ್ಟಲಿಲ್ಲ. ನಮ್ಮ ಅಪ್ಪ ಹೀಗೆಯೇ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದರು, ಯಾರೂ ಮುಟ್ಟಿರಲಿಲ್ಲ. ಅದನ್ನು ನೆನೆಯುವಷ್ಟು ಪುರುಸೊತ್ತು ಆಗ ಇತ್ತೋ ಇಲ್ಲವೋ. ಅಂಗಡಿಯವನ ಜೊತೆ ಸೇರಿ ಅವನನ್ನು ಆಟೋಗೆ ಹತ್ತಿಸಿ ನಾನೂ ಕೂತೆ. ಅವನ ಕಾಲುಗಳು ಒಳಗೆ ಹಿಡಿಸಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ನರ್ಸ್ ಹೊರಬಂದು, "ನೀವು ಪೇಷೆಂಟ್‌ಗೆ ಏನಾಗ್ಬೇಕು ಮೇಡಂ?" ಅಂದಳು.

"ಏನೂ ಆಗಬೇಕಿಲ್ಲ. ಅಂಗಡಿ ಮುಂದೆ ಬಿದ್ರು, ಕರ್ಕೊಂಡು ಬಂದೆ."

"ಅಯ್ಯೋ, ಹಾಗಾದ್ರೆ ಯಾರಾದ್ರೂ ಬರೋವರ್ಗೂ ಇರಿ ಮೇಡಂ, ಪ್ಲೀಸ್." ಅವನ ಬಟ್ಟೆ, ಜೇಬಿನಲ್ಲಿದ್ದ ಸಾಮಾನು ತುಂಬಿದ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿತ್ತಳು.

ಮನೆಯವರಿಗೆ ಫೋನ್ ಮಾಡಿದೆ. "ಯಾಕ ಬೇಕಾಗಿತ್ತು ನಿನಗ ಈ ಉಸಾಬರಿ? ಪೊಲೀಸು, ಸ್ಟೇಷನ್ನು ಅಂತ ಅಡ್ಡಾಡೂದಾತು ಇನ್ನ," ಎಂದು ಸಿಟ್ಟಾದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಗಲೇ ಒಬ್ಬ ಕಾನ್ಸ್‌ಟೇಬಲ್ ಬಂದು ನನ್ನ ಹೆಸರು, ವಿಳಾಸ ಬರೆದುಕೊಳ್ಳುತ್ತಿದ್ದ.

ಮಿದುಳಿನ ಎಡಭಾಗದಲ್ಲಿ ರಕ್ತಸ್ರಾವ ಆಗಿದೆ ಅಂದರು ಡಾಕ್ಟರು. ಬಲಗೈ, ಬಲಗಾಲು ಬಿದ್ದುಹೋಗಿವೆ. ಎಚ್ಚರ ಇದೆ, ಆದರೆ ಇಂಗ್ಲಿಷಿನಲ್ಲಿ ಏನು ಕೇಳಿದರೂ ಉತ್ತರವಿಲ್ಲ. ಜೇಬಿನ ಕಾರ್ಡಿನ ಪ್ರಕಾರ ಹೆಸರು ಯೆಲ್ಲೆ, ದೇಶ ನೆದರ್ಲೆಂಡ್ಸ್. ಮಾರತ್ತಹಳ್ಳಿಯಲ್ಲಿರುವ, ಹಾಲಿನ ಯಂತ್ರಗಳ ಕಂಪನಿಯೊಂದರ ಎಂಜಿನಿಯರು. ಕಂಪನಿಗೆ ಫೋನ್ ಹೋಯಿತು. ವಾರ್ಡಿನ ಆಯಾ ಮಾತ್ರ ಅಷ್ಟರಲ್ಲೇ ಅವನನ್ನು ಯಲ್ಲಪ್ಪ ಅಂತ ಕರೆಯತೊಡಗಿದ್ದಳು.

ನನ್ನನ್ನು ಒಳಗೆ ಬಿಟ್ಟರು. ಮಂಚ ಸಾಲದೆ ಪಾದಗಳೆರಡೂ ಹೊರಗಿದ್ದವು. ಅವನು ಸುಮ್ಮನಿರಲಿಲ್ಲ. ಎಡಗೈಯಿಂದ ತೊಡೆಯ ಹತ್ತಿರ ಏನೋ ತಡಕುತ್ತಿದ್ದ, ಎದ್ದು ಕೂರಲು ಹೆಣಗುತ್ತಿದ್ದ. ಬಾಯಲ್ಲಿ ಒಂದೇ ಸಮನೆ ಮಾತು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಎರಡೇ ಶಬ್ದ: "ಮೆಮ್" ಮತ್ತು "ಕಾಯಿ".

"ನೋಡಿ, ನನ್ನನ್ನ ಮ್ಯಾಮ್ ಮ್ಯಾಮ್ ಅಂತ ಕರೀತಾನೇ ಇದಾರೆ," ಅಂದಳು ನರ್ಸ್. "ಎಸ್ ಸರ್, ಹೇಳಿ ಸರ್," ಎಂದು ಅವಳು ಬಗ್ಗಿದರೆ ಅವನು ತಲೆ ಅಡ್ಡಡ್ಡ ಆಡಿಸಿ ಇನ್ನಷ್ಟು ಜೋರಾಗಿ "ಮೆಮ್! ಮೆಮ್!" ಅನ್ನುತ್ತಿದ್ದ.

"ಕಾಯಿ ಅಂತಾವ್ರಲ್ಲ ಮೇಡಂ," ಅಂದಳು ಆಯಾ. "ದೇವರಿಗೆ ಕಾಯಿ ಒಡಿಸ್ಬೇಕು ಅನ್ಸುತ್ತೆ ಪಾಪ. ಏನೋ ಹರಕೆ ಇರ್ಬೇಕು. ಇಲ್ಲೇ ಇರ್ತಾರಲ್ಲ, ಎಲ್ಲಾ ಕಲ್ತಿರ್ತಾರೆ." ನನಗೂ ಬೇರೇನೂ ಹೊಳೆಯಲಿಲ್ಲ. ಆಸ್ಪತ್ರೆಯ ಗೇಟಿನ ಗಣೇಶನಿಗೆ ಅವಳು ಹೋಗಿ ಕಾಯಿ ಒಡೆದು, ಹೋಳನ್ನು ತಂದು ಅವನಿಗೆ ತೋರಿಸಿದಳು. ಅವನು ಅದನ್ನು ನೋಡಿ, ನನ್ನನ್ನು ನೋಡಿ, ಕಣ್ಣು ಮುಚ್ಚಿಕೊಂಡ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಇಷ್ಟು ಹೊತ್ತೂ ಆ ಪ್ಲಾಸ್ಟಿಕ್ ಚೀಲ ನನ್ನ ಮೊಣಕೈಗೇ ತೂಗುತ್ತಿತ್ತು.

ಮಾರತ್ತಹಳ್ಳಿಯಿಂದ ಟ್ರಾಫಿಕ್ ದಾಟಿ ಅವನ ಆಫೀಸಿನ ಹುಡುಗಿ ಬಂದಾಗ ಊಟದ ಹೊತ್ತು ಮೀರಿತ್ತು. ಅನ್ನೆ ಅಂತ ಅವಳ ಹೆಸರು, ಅವಳೂ ನೆದರ್ಲೆಂಡ್ಸಿನವಳೇ. ಇನ್ನು ಎಲ್ಲ ತಿಳಿಯುತ್ತದೆ ಅಂದುಕೊಂಡೆವು. ಅವಳು ಅವನ ಕಿವಿಯ ಹತ್ತಿರ ಡಚ್ ಭಾಷೆಯಲ್ಲಿ ಮಾತಾಡಿದಳು. ಅವನು ಹುಬ್ಬು ಗಂಟಿಕ್ಕಿ ಕೇಳಿದ, ಏನೋ ಹೇಳಿದ. ಅವಳ ಮುಖ ಬಿಳಚಿಕೊಂಡಿತು.

"ಇದು ಡಚ್ ಅಲ್ಲ," ಎಂದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಅಂದಳು. "ಅಲ್ಲೊಂದು ಇಲ್ಲೊಂದು ಶಬ್ದ ಡಚ್ ಇದ್ದಂತಿದೆ. ಮಿದುಳಿಗೆ ಪೆಟ್ಟಾಗಿ ಮಾತು ಕಲಸಿಹೋಗಿದೆಯೇನೋ." ಕಾಯಿ ಅಂದರೇನು ಅಂತ ಕೇಳಿದೆ. ತಮ್ಮಲ್ಲಿ ಹಾಗಂದರೆ ದೋಣಿಗಳನ್ನು ಕಟ್ಟುವ ದಡದ ಕಟ್ಟೆ ಎಂದಳು.

ಕಾನ್ಸ್‌ಟೇಬಲ್ ಕಿವಿ ನೆಟ್ಟಗಾಯಿತು. "ದೋಣಿ ಅಂದ್ರೆ ಹಲಸೂರು ಕೆರೆ ಅಲ್ವಾ? ಮ್ಯಾಮ್ ಮ್ಯಾಮ್ ಅಂತ ಬೇರೆ ಅಂತಾವ್ರೆ. ಜೊತೆಗೆ ಯಾರಾದ್ರೂ ಲೇಡೀಸ್ ಇದ್ರಾ? ಕೆರೆ ಹತ್ರ ಏನಾದ್ರೂ ಆಗಿದೆಯಾ?" ಎಂದು ನನ್ನನ್ನೇ ದಿಟ್ಟಿಸಿದ. ನನಗೆ ಏನು ಗೊತ್ತು? ಅವನು ಬೈಕ್ ಹತ್ತಿ ಕೆರೆಯ ಕಡೆಗೆ ಹೋದ. ಯಾರೋ ಹೆಂಗಸು ನೀರಿನಲ್ಲಿದ್ದಾಳೆ, ನಾವಿಲ್ಲಿ ಕಾಯಿ ಒಡೆದುಕೊಂಡು ಕೂತಿದ್ದೇವೆ ಅನಿಸಿತು.

ಅನ್ನೆ ಅವನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದವಳು ಥಟ್ಟನೆ ನಿಂತಳು. ಅವನ ಮನೆತನದ ಹೆಸರು "ಸ್ಟ್ರಾ" ಎಂದು ಮುಗಿಯುತ್ತಿತ್ತು. "ಇವರು ಫ್ರೀಸ್‌ಲ್ಯಾಂಡಿನವರು!" ಅಂದಳು. ನೆದರ್ಲೆಂಡ್ಸಿನ ಉತ್ತರಕ್ಕೆ, ಸಮುದ್ರಕ್ಕೆ ಹತ್ತಿಕೊಂಡ ಸೀಮೆ, ಅಂಥ ಹೆಸರು ಅಲ್ಲಿಯವರದೇ. ಅಲ್ಲಿನ ಮನೆಮಾತೇ ಬೇರೆ, ಡಚ್ ಬಲ್ಲವರಿಗೆ ಅದು ಅರ್ಥವಾಗುವುದಿಲ್ಲ. ಅವಳ ಕಾಲೇಜಿನ ಗೆಳತಿಯೊಬ್ಬಳು ಆ ಕಡೆಯವಳು, ಸೀತ್ಸ್ಕೆ ಅಂತ. ಅವಳಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟು ಅವನ ದಿಂಬಿನ ಪಕ್ಕ ಇಟ್ಟಳು.

ಆ ಹೆಂಗಸು ಎರಡು ಮಾತಾಡಿರಬಹುದು. ಅವನ ಮುಖದ ಬಿಗಿ ಹಾಗೇ ಸಡಿಲವಾಯಿತು. ತೊದಲುತ್ತ, ತಡೆಯುತ್ತ, ಎಡಗೈಯಿಂದ ಮಂಚ ಗುದ್ದುತ್ತ ಹೇಳಿದ. ಆ ಕಡೆಯಿಂದ ಸೀತ್ಸ್ಕೆ ಕೂಗಿದಳು, ಇಂಗ್ಲಿಷಿನಲ್ಲಿ, ನಮಗೆಲ್ಲ ಕೇಳುವಂತೆ:

"ಮೆಮ್ ಅಂದರೆ ಅಮ್ಮ. ಕಾಯಿ ಅಂದರೆ ಬೀಗದ ಕೈ. ಅವರ ಅಮ್ಮ ಮನೆಯಲ್ಲಿದ್ದಾರೆ. ಹೊರಗಿನಿಂದ ಬೀಗ ಹಾಕಿ ಬಂದಿದ್ದಾರಂತೆ!"

ನಾನು ಚೀಲವನ್ನು ನೆಲಕ್ಕೆ ಸುರಿದೆ. ಪ್ಯಾಂಟು, ಪರ್ಸು, ಮಡಚಿದ ಕರ್ಚೀಫು. ಅದರ ಕೆಳಗೆ ಬೀಗದ ಕೈ.

ಅನ್ನೆಗೆ ಕಂಪನಿಯ ಫ್ಲ್ಯಾಟ್ ಗೊತ್ತಿತ್ತು, ಕಲ್ಯಾಣ ನಗರದಲ್ಲಿ. ಅವನು ಊರಿಂದ ಅಮ್ಮನನ್ನು ಕರೆತಂದದ್ದು ಮಾತ್ರ ಗೊತ್ತಿರಲಿಲ್ಲ. ರಜೆ ಮುಗಿಸಿ ಬಂದವನು ಇನ್ನೂ ಆಫೀಸಿಗೇ ಹೋಗಿರಲಿಲ್ಲ. ಕ್ಯಾಬಿನಲ್ಲಿ ಹೋಗುತ್ತಲೇ ಫೋನಿನಲ್ಲಿ ಉಳಿದದ್ದು ತಿಳಿಯಿತು. ತಂದೆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಎಂಬತ್ತು ದಾಟಿದ ತಾಯಿಗೆ ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದು ಅಭ್ಯಾಸವಿಲ್ಲ. ಇಲ್ಲಿಗೆ ಬಂದ ಮರುದಿನವೇ ಅವರು ಒಬ್ಬರೇ ನಡೆಯುತ್ತ ಹೊರಟು ಔಟರ್ ರಿಂಗ್ ರೋಡಿನ ನಡುವೆ ನಿಂತುಬಿಟ್ಟಿದ್ದರಂತೆ. ಹೆದರಿಕೊಂಡ ಮಗ, ಸೋಂಪು ತಂದುಬಿಡುತ್ತೇನೆ ಎಂದು ಬೀಗ ಹಾಕಿ ಬಂದಿದ್ದ. ಅವರ ಸೀಮೆಯಲ್ಲಿ ಬಿಸಿಹಾಲಿಗೆ ಸೋಂಪು ಹಾಕಿ ಕುಡಿಯುತ್ತಾರೆ.

ಲಿಂಗರಾಜಪುರದ ಫ್ಲೈಓವರ್ ಮೇಲೆ ಗಾಡಿ ನಿಂತುಹೋಯಿತು. ಮುಂದೆ ನೀರಿನ ಟ್ಯಾಂಕರು, ಅದರ ಹಿಂದೆ ಇನ್ನೊಂದು. ಬಿಸಿಲು ಗಾಜಿನ ಮೂಲಕ ತೊಡೆ ಸುಡುತ್ತಿತ್ತು. ಅನ್ನೆ ಉಗುರು ಕಚ್ಚುತ್ತಿದ್ದಳು. ನಾನು ಬೀಗದ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಹಲ್ಲು ಮೂಡಿತ್ತು.

"ಅಜ್ಜೀನಾ? ಯಾವ ಅಜ್ಜಿ ಮೇಡಂ? ಅಲ್ಲಿ ಆ ಸರ್ ಒಬ್ರೇ ಇರೋದು," ಅಂದ ವಾಚ್‌ಮನ್. ನಾವು ನಿಲ್ಲಲಿಲ್ಲ.

ಮೇಲಿನ ಮಹಡಿಯ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಟೀ. ಕೋಣೆಗಳು ಖಾಲಿ. ಬಚ್ಚಲುಮನೆ ಖಾಲಿ. ಅನ್ನೆ ಕೂಗುತ್ತಲೇ ಇದ್ದಳು. ಹಿಂದುಗಡೆಯ ಬಾಲ್ಕನಿಯ ಗಾಜಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಿಲಕ ಬಿದ್ದಿತ್ತು. ಆಚೆ ಕಡೆ ಒಂದು ಬಿಳಿ ಹಾಸಿಗೆವಸ್ತ್ರ ತೂಗುತ್ತಿತ್ತು. ಅದರ ಕೆಳಗೆ ಎರಡು ಬರಿಗಾಲು.

ಬಟ್ಟೆ ಒಣಹಾಕಲು ಹೊರಗೆ ಹೋಗಿದ್ದಾರೆ. ಬಾಗಿಲು ಹಿಂದಿನಿಂದ ಜಾರಿ ಚಿಲಕ ಬಿದ್ದಿದೆ. ಬೆಳಗಿನಿಂದ ಅಲ್ಲೇ. ವಾಷಿಂಗ್ ಮಷಿನ್ನಿನ ನಲ್ಲಿಯಿಂದ ವಸ್ತ್ರವನ್ನು ಒದ್ದೆ ಮಾಡಿ ಮಾಡಿ ತಂತಿಗೆ ಹಾಕಿಕೊಂಡು, ಅದರ ನೆರಳಿನಲ್ಲಿ ಗೋಡೆಗೊರಗಿ ಕೂತಿದ್ದರು. ಮೈಯೆಲ್ಲ ಕೆಂಡ. ಎದುರು ಕಟ್ಟಡದ ಗಾರೆ ಕೆಲಸದವನು ಆಮೇಲೆ ಹೇಳಿದ: "ಬೆಳಿಗ್ಗೆಯಿಂದ ಕೈ ಬೀಸ್ತಾನೇ ಇದ್ರು ಮೇಡಂ. ಫಾರಿನ್‌ನೋರು, ಖುಷಿಗೆ ಬೀಸ್ತಾವ್ರೆ ಅಂತ ನಾವೂ ಬೀಸಿದ್ವಿ."

ಅವರು ಕಣ್ಣು ಮುಚ್ಚಿದ್ದರು. ಅನ್ನೆಗೆ ಮುಂದೆ ಹೋಗಲು ಧೈರ್ಯವಾಗಲಿಲ್ಲ. ನಾನು ಬಗ್ಗಿ, ನನಗೆ ಗೊತ್ತಿದ್ದ ಒಂದೇ ಶಬ್ದದಲ್ಲಿ ಕರೆದೆ: "ಮೆಮ್."

ಕಣ್ಣು ತೆರೆದರು. ನೀಲಿ ಅನ್ನಲಾಗದಷ್ಟು ತೆಳು ಬಣ್ಣದ ಕಣ್ಣು. ನನ್ನ ಸೀರೆ, ಕುಂಕುಮ, ಬಳೆ ಎಲ್ಲವನ್ನೂ ನೋಡಿದರು. ಆಮೇಲೆ ಕೇಳಿದರು: "ವೇರ್ ಇಸ್ ಯೆಲ್ಲೆ?" ಅದು ಅವರ ಭಾಷೆಯೇ ಇರಬೇಕು, ಆದರೂ ನನಗೆ ಅಕ್ಷರವೂ ಬಿಡದೆ ತಿಳಿಯಿತು.

ಮೆಮ್‌ಗೆ ಡ್ರಿಪ್ ಹಾಕಿ ಮರುದಿನವೇ ಕಳಿಸಿದರು. ಕಳಿಸಿದ್ದು ಎಲ್ಲಿಗೆ? ಆ ಫ್ಲ್ಯಾಟಿಗೆ ಒಬ್ಬರನ್ನೇ ಬಿಡುವ ಹಾಗಿಲ್ಲ. ಅನ್ನೆ ಇದ್ದದ್ದು ಹುಡುಗಿಯರ ಪಿ.ಜಿ.ಯಲ್ಲಿ. ನಮ್ಮ ಮನೆ ಆಸ್ಪತ್ರೆಗೆ ಹತ್ತಿರ. ಮನೆಯವರಿಗೆ ಹೇಳಿದೆ. "ಚಪಾತಿ ತಿಂತಾರೇನು ಅವರು?" ಅಂದರು.

ನನ್ನ ನೈಟಿ ಅವರಿಗೆ ಮೊಣಕಾಲಿನವರೆಗೆ ಬಂತು. ತಮ್ಮನ್ನು ತಾವೇ ನೋಡಿಕೊಂಡು ಒಂದು ಕ್ಷಣ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಮುಟ್ಟುವುದು, ತಬ್ಬುವುದು ಅವರಿಗೆ ಸೇರದು. ಹೆಗಲ ಮೇಲೆ ಕೈಯಿಟ್ಟರೆ ಮೈ ಬಿಗಿಯಾಗುತ್ತಿತ್ತು. ಅವರ ಕಡೆಯ ಜನ ಹಾಗೆಯೇ, ಮಾತು ಕಡಿಮೆ, ಅಳುವುದಂತೂ ಯಾರೆದುರೂ ಇಲ್ಲ ಎಂದು ಸೀತ್ಸ್ಕೆ ಫೋನಿನಲ್ಲಿ ಹೇಳಿದ್ದಳು. ಬೆಳಿಗ್ಗೆ ಸಂಜೆ ಅವಳ ಫೋನೇ ನಮ್ಮ ನಡುವಿನ ಸೇತುವೆ.

ಒಂದು ಸಂಜೆ ಪರ್ಸಿನಿಂದ ಫೋಟೋ ತೆಗೆದು ತೋರಿಸಿದರು. ಹಸಿರು ಬಯಲು, ಗೆರೆ ಕೊರೆದಂತೆ ನೀರಿನ ಕಾಲುವೆ, ದೂರದಲ್ಲಿ ಮಣ್ಣೇರಿಸಿದ ದಿಬ್ಬದ ಮೇಲೆ ಒಂದು ಊರು. ಸಮುದ್ರಕ್ಕೆ ಕಟ್ಟೆ ಕಟ್ಟುವ ಮೊದಲು ನೀರು ಏರಿದಾಗ ಜನ, ದನ ಉಳಿಯಲೆಂದು ಹಿಂದಿನವರು ಹಾಕಿದ ದಿಬ್ಬವಂತೆ. ಮುಂದುಗಡೆ ಕಪ್ಪು ಬಿಳುಪು ಮಚ್ಚೆಯ ಹಸು.

"ರೀ, ಇಲ್ನೋಡ್ರಿ, ಎಚ್ಚೆಫ್ ಆಕಳ!" ಎಂದು ಮನೆಯವರನ್ನು ಕೂಗಿದೆ. ಕೆ.ಆರ್. ಪುರದ ಆಚೆಯ ಯಾವ ಕೊಟ್ಟಿಗೆಗೆ ಹೋದರೂ ಇರುವ ಹಸು. ಆ ಎಚ್ಚೆಫ್‌ನ ಎಫ್ ಅಂದರೆ ಫ್ರೀಸಿಯನ್, ಇವರ ಸೀಮೆಯ ಹೆಸರೇ ಎಂದು ಮನೆಯವರು ಫೋನಿನಲ್ಲಿ ಹುಡುಕಿ ಓದಿದರು. ಮೆಮ್ ಫೋಟೋ ಮೇಲೆ ಬೆರಳಿಟ್ಟು "ಕೋ" ಅಂದರು. ನಾನು "ಗೋವು" ಅಂದೆ. ನನ್ನ ಬಾಯನ್ನೇ ನೋಡಿ, "ಗೋ," ಅಂದರು, ಒಪ್ಪಿಗೆಯಾಯಿತು ಎಂಬಂತೆ.

ಆ ರಾತ್ರಿ ಕಳೆದು ಬೆಳಗಾಗುತ್ತಲೇ ಆಸ್ಪತ್ರೆಯಿಂದ ಫೋನ್ ಬಂತು. ಮಿದುಳು ಊದಿಕೊಳ್ಳುತ್ತಿದೆ. ಬುರುಡೆಯ ಒಂದು ಭಾಗ ತೆಗೆದು ಜಾಗ ಮಾಡಬೇಕು, ತಾಯಿಯ ಒಪ್ಪಿಗೆ ಬೇಕು. ಡಾಕ್ಟರು ಹೇಳಿದ್ದನ್ನು ಸೀತ್ಸ್ಕೆ ಒಂದೊಂದಾಗಿ ಅವರ ಭಾಷೆಗೆ ತಿರುಗಿಸಿದಳು. ಮಾಡದಿದ್ದರೆ ಇವತ್ತು ದಾಟುವುದು ಕಷ್ಟ. ಮಾಡಿದರೂ ಅದೇ ಮನುಷ್ಯ ಎದ್ದು ಬರುತ್ತಾನೆಂದು ಹೇಳಲಾಗದು.

ಮೆಮ್ ಒಂದೇ ಪ್ರಶ್ನೆ ಕೇಳಿದರು: "ನಾನು ಯಾರು ಅಂತ ಅವನಿಗೆ ಗೊತ್ತಾಗುತ್ತದೆಯೇ?"

"ಗೊತ್ತಿಲ್ಲಮ್ಮ," ಅಂದರು ಡಾಕ್ಟರು, ಕನ್ನಡದಲ್ಲೇ. ಯಾರೂ ಅದನ್ನು ಅನುವಾದಿಸಲಿಲ್ಲ.

ಮೆಮ್ ಕಿಟಕಿಯ ಹೊರಗೆ ನೋಡಿದರು. "ಇತ್ ಮ್ವಾತ್ ಮಾರ್," ಅಂದು ಪೆನ್ನಿಗೆ ಕೈ ಚಾಚಿದರು. ಆಗಲೇಬೇಕಲ್ಲ, ಆಗಲಿ ಎಂದಂತೆ.

ಆಪರೇಷನ್ ಮುಗಿಯುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು, ಬೇರೆ ಯಾರದೋ ಹೆಸರು ಕೂಗಿದರೆ ಕೂರುವುದು. ನಡುವೆ ಒಮ್ಮೆ ಮೆಮ್ ಮಾತಾಡತೊಡಗಿದರು, ನನಗೆ ತಿಳಿಯುತ್ತದೋ ಇಲ್ಲವೋ ಎಂಬುದೇ ಇಲ್ಲದೆ. ಅಂಗೈಯನ್ನು ಬೆಂಚಿನ ಮೇಲೆ ಜಾರಿಸಿದರು. ಇಷ್ಟು ಎತ್ತರದ ಹುಡುಗ ಎಂದು ತೋರಿಸಿದರು. ಆ ಅಂಗೈ ಒಮ್ಮೆಲೇ ಕೆಳಗೆ ಮುಳುಗಿತು. ಆಮೇಲೆ ಮುಂದಕ್ಕೆ ಬಾಗಿ, ಹೊಟ್ಟೆಯ ಮೇಲೆ ಮಲಗಿದಂತೆ ಮಾಡಿ, ಎರಡೂ ಕೈ ಚಾಚಿ, ಮುಷ್ಟಿ ಬಿಗಿದು ಎಳೆದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಅವರಲ್ಲಿ ಮಕ್ಕಳು ಮುದುಕರೆನ್ನದೆ ಎಲ್ಲರೂ ಜಾರುತ್ತಾರೆಂದು ಸೀತ್ಸ್ಕೆ ಮೊದಲೇ ಹೇಳಿದ್ದಳು. ಯೆಲ್ಲೆ ಹುಡುಗನಾಗಿದ್ದಾಗ ಮಂಜುಗಡ್ಡೆ ಬಿರಿದು ನೀರಿಗೆ ಬಿದ್ದಿದ್ದ. ಮೆಮ್ ಮಂಜಿನ ಮೇಲೆ ಮಲಗಿ ಕೂದಲು ಹಿಡಿದು ಅವನನ್ನು ಎಳೆದು ತಂದಿದ್ದರು. ಕತೆ ಮುಗಿದ ಮೇಲೂ ಮುಷ್ಟಿ ಬಿಚ್ಚಲಿಲ್ಲ.

ಸಂಜೆ ಡಾಕ್ಟರು ಹೊರಬಂದು, "ಬದುಕಿದ್ದಾರೆ. ಮುಂದಿಂದು ನೋಡೋಣ," ಅಂದರು.

ಆ ಮುಂದಿನದೇ ನಮ್ಮನ್ನು ಸಾಯಿಸಿತು. ಅವನು ಕಣ್ಣು ತೆರೆದ. ಉಸಿರಿನ ನಳಿಗೆ ತೆಗೆದರು. ಕಣ್ಣು ಓಡಾಡುತ್ತಿತ್ತು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಒಂದು ಶಬ್ದವಿಲ್ಲ. ಅನ್ನೆ ಡಚ್ಚಿನಲ್ಲಿ, ಡಾಕ್ಟರು ಇಂಗ್ಲಿಷಿನಲ್ಲಿ, ಆಯಾ "ಯಲ್ಲಪ್ಪಾ, ಏಳಪ್ಪಾ" ಎಂದು ತನ್ನ ಭಾಷೆಯಲ್ಲಿ ಕರೆದು ನೋಡಿದರು. ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಹುಡುಗಿ ಒಂದು ದಿನ ಕಡ್ಡಿ ಮುರಿದಂತೆ ಹೇಳಿದಳು: "ಎಲ್ಲರೂ ಎಲ್ಲಾ ಭಾಷೇಲೂ ಮಾತಾಡಿ ಅವ್ರನ್ನ ಸುಸ್ತು ಮಾಡ್ಬೇಡಿ. ಮನೇಲಿ ಹುಟ್ಟಿದಾಗಿಂದ ಕೇಳಿದ ಭಾಷೆ ಯಾವ್ದು? ಅದೊಂದೇ ಸಾಕು."

ಅಲ್ಲಿಂದ ಮೆಮ್ ಒಬ್ಬರದೇ ಮಾತು. ಮಿತಭಾಷಿ ಹೆಂಗಸು, ದಿನವಿಡೀ ಮಾತಾಡುತ್ತಿದ್ದರು. ಗಂಟಲು ಕಟ್ಟಿದರೆ ನೀರು ಕುಡಿದು ಮುಂದುವರಿಸುತ್ತಿದ್ದರು. ಹಸುಗಳ ಹೆಸರು, ಗಾಳಿ ಬೀಸುವ ದಿಕ್ಕು, ತೀರಿಹೋದ ಗಂಡನ ಸುದ್ದಿ. ಅದರಲ್ಲಿ "ಹೈತ್" ಅಂದರೆ ಅಪ್ಪ ಎಂಬುದು ನನಗೂ ಗೊತ್ತಾಗಿತ್ತು. ನಾನು ಆಫೀಸು ಮುಗಿಸಿ ಹೋಗುವಾಗಲೂ ಅದೇ ಕುರ್ಚಿ, ಅದೇ ಏರಿಳಿತವಿಲ್ಲದ ದನಿ. ಮನೆಗೆ ಬಂದ ಮೇಲೆ ಊಟಕ್ಕೆ ಕೂತವರು ತುತ್ತು ಕೈಯಲ್ಲಿ ಹಿಡಿದು ಮರೆತುಬಿಡುತ್ತಿದ್ದರು. "ಉಣ್ರಿ, ತಾಯಿ," ಎಂದು ನಮ್ಮ ಮನೆಯವರು ಮೆಲ್ಲಗೆ ಹೇಳುತ್ತಿದ್ದರು.

ತಾಯಿ ಮಗ ಊರಿಗೆ ಹೋದದ್ದು ಮಳೆಗಾಲ ಬಲವಾದ ಮೇಲೆ. ಯೆಲ್ಲೆ ಈಗ ಕೋಲು ಹಿಡಿದು ನಡೆಯುತ್ತಾನೆ. ಬಲಗೈ ಬರಲಿಲ್ಲ. ಇಂಗ್ಲಿಷು ಸ್ವಲ್ಪ ಬಂದಿದೆ, ಡಚ್ಚಿಗೆ ಇನ್ನೂ ತಡವರಿಸುತ್ತಾನೆಂದು ಸೀತ್ಸ್ಕೆ ಹೇಳುತ್ತಾಳೆ. ಏರ್‌ಪೋರ್ಟಿನಲ್ಲಿ ಮೆಮ್ ನನ್ನ ಕೈ ಕುಲುಕಿ, ಹಿಂತಿರುಗದೆ ಒಳಗೆ ಹೋದರು. ಆ ಬೇಸಿಗೆಯಿಂದ ನನ್ನಲ್ಲಿ ಅಚ್ಚೊತ್ತಿ ನಿಂತಿರುವುದು ಅದಲ್ಲ. ಅದಕ್ಕಿಂತ ಮೊದಲಿನ ಒಂದು ಮಧ್ಯಾಹ್ನ.

ಅಂದು ಮೊದಲ ಮಳೆ. ಆಸ್ಪತ್ರೆಯ ಕಿಟಕಿಗೆ ಆಲಿಕಲ್ಲು ಬಡಿಯುತ್ತಿತ್ತು, ಹೊರಗೆ ಜನ ಕೂಗಾಡಿ ಸಂತೋಷಪಡುತ್ತಿದ್ದ ಸದ್ದು. ಮೆಮ್ ಏನೋ ಹೇಳುತ್ತಿದ್ದರು. ನಡುವೆ ಅವನು ಬಾಯಿ ತೆರೆದ.

"ಕಾತ್."

ಮೆಮ್ ಮಾತು ನಿಂತಿತು. ಅವನು ಅಮ್ಮನ ಕಡೆ ಕಣ್ಣು ತಿರುಗಿಸಿ, ಇಷ್ಟು ಹೊತ್ತು ಏನು ಮಾಡುತ್ತಿದ್ದೀ ಎಂಬ ಹಾಗೆ ಸಿಡುಕಿನಿಂದ ಮತ್ತೊಮ್ಮೆ ಅಂದ: "ಮೆಮ್. ಕಾತ್."

ಮೆಮ್ ಎದ್ದರು. ಹೊದಿಕೆಯನ್ನು ಅವನ ಕೊರಳವರೆಗೆ ಎಳೆದು, ಅಂಚನ್ನು ಹಾಸಿಗೆಯ ಕೆಳಗೆ ಒತ್ತಿ ಸಿಕ್ಕಿಸಿದರು. ನರ್ಸಿಗೆ ಎ.ಸಿ. ತೋರಿಸಿ ಆರಿಸು ಎಂದು ಬೆರಳಾಡಿಸಿದರು. ಅವನಿಗೆ ಚಿಕ್ಕ ಹುಡುಗನಿಗೆ ಗದರಿಸಿದಂತೆ ಏನೋ ಅಂದರು. ಆಮೇಲೆ ನೆಟ್ಟಗೆ ನಡೆದು ಕಾರಿಡಾರಿಗೆ ಬಂದು, ಮೂಲೆಯ ಗೋಡೆಗೆ ಮುಖ ಮಾಡಿ ನಿಂತರು. ಆ ಉದ್ದನೆಯ ಬೆನ್ನು ಅಲುಗಾಡತೊಡಗಿತು. ಒಂದಿಷ್ಟೂ ಸದ್ದಿಲ್ಲ.

ನಾನು ಮುಟ್ಟಲಿಲ್ಲ. ಅವರಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲ ಹಿಡಿದು, ಹೋಗಿಬರುವವರಿಗೆ ಕಾಣದ ಹಾಗೆ ಅಡ್ಡ ನಿಂತೆ.

ಆಯಾ ಓಡಿ ಬಂದಳು. "ಏನಾಯ್ತು ಮೇಡಂ? ಯಲ್ಲಪ್ಪಂಗೆ ಏನಾದ್ರೂ ಆಯ್ತಾ?"

"ಏನಿಲ್ಲ," ಅಂದೆ. "ಅವನಿಗೆ ಚಳಿ ಆಗ್ತಿದೆಯಂತೆ."